ರೈತನ ಬೆನ್ನು ಮತ್ತು ರಾತ್ರಿಯ ನಿದ್ರೆ

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ನಮ್ಮಲ್ಲಿದೆ. ಬೆಂಗಳೂರಿನ ದಕ್ಷಿಣಕ್ಕೆ, ಕನಕಪುರ ರಸ್ತೆಯ ಸಾರಕ್ಕಿ ಮಾರುಕಟ್ಟೆಗೆ ಬೆಳಗಿನ ಜಾವ ಹೋದವರಿಗೆ ಸಂತೆಯಲ್ಲಿ ನಿದ್ದೆ ಮಾಡುವವರು ಕಾಣಸಿಗುತ್ತಾರೆ. ಒಬ್ಬರು ಸೊಪ್ಪಿನ ಹೊರೆಗೆ ಒರಗಿರುತ್ತಾರೆ, ಇನ್ನೊಬ್ಬರು ಟೆಂಪೋದ ಮುಂದಿನ ಸೀಟಿನಲ್ಲಿ ಕುತ್ತಿಗೆ ವಾಲಿಸಿ ಕುಳಿತಲ್ಲೇ ತೂಕಡಿಸುತ್ತಿರುತ್ತಾರೆ. ಇವರು ಚಿಂತೆ ಇಲ್ಲದವರಲ್ಲ, ನಿದ್ದೆ ಸಾಲದವರು. ಕಗ್ಗಲೀಪುರ, ಹಾರೋಹಳ್ಳಿ, ಕನಕಪುರದ ಕಡೆಯಿಂದ ತರಕಾರಿ ತರುವ ರೈತರು ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ ಎದ್ದು, ಎದ್ದ ಕೂಡಲೇ ಮೂಟೆ ಹೊತ್ತು ವಾಹನಕ್ಕೆ ತುಂಬಿ ಹೊರಡಬೇಕಾಗುತ್ತದೆ.

ಇಂಥವರನ್ನು ಮಾತಿಗೆಳೆದರೆ ಹೆಚ್ಚಿನವರು ಹೇಳುವುದು ಎರಡೇ ಮಾತು. ಒಂದು, ನಡು ಹಿಡಿದಿದೆ. ಎರಡು, ರಾತ್ರಿ ನಿದ್ದೆ ಹತ್ತುವುದಿಲ್ಲ. ಇವೆರಡನ್ನೂ ಬೇರೆ ಬೇರೆ ಕಾಯಿಲೆಗಳೆಂದು ತಿಳಿದು, ಒಂದಕ್ಕೆ ನೋವಿನ ಮಾತ್ರೆಯನ್ನೂ ಇನ್ನೊಂದಕ್ಕೆ ಬೇರೇನನ್ನೋ ಹುಡುಕುವುದು ವಾಡಿಕೆ. ಆದರೆ ಬೆನ್ನು ಮತ್ತು ನಿದ್ರೆ ಒಂದೇ ನೊಗಕ್ಕೆ ಕಟ್ಟಿದ ಜೋಡಿ ಎತ್ತುಗಳಂತೆ. ಒಂದು ಕುಂಟಿದರೆ ಇನ್ನೊಂದು ಮುಂದಕ್ಕೆ ಹೋಗಲಾರದು. ಬೆನ್ನು ನೋವಿದ್ದವನಿಗೆ ಮಗ್ಗುಲು ಬದಲಿಸುವಾಗಲೆಲ್ಲ ಎಚ್ಚರವಾಗುತ್ತದೆ. ನಿದ್ರೆ ಕೆಟ್ಟವನಿಗೆ ಮಾರನೆಯ ದಿನ ಅದೇ ನೋವು ಇಮ್ಮಡಿಯಾಗಿ ಕಾಣುತ್ತದೆ. ಈ ಸುತ್ತಿನಿಂದ ಹೊರಬರುವ ದಾರಿ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಬೆನ್ನುಮೂಳೆಯ ರಚನೆ

ಬೆನ್ನುಮೂಳೆ ಒಂದೇ ಮೂಳೆಯಲ್ಲ. ಹುಟ್ಟುವಾಗ 33 ಮಣಿಗಳಿರುತ್ತವೆ. ಕುತ್ತಿಗೆಯಲ್ಲಿ 7, ಎದೆಯ ಹಿಂಭಾಗದಲ್ಲಿ 12, ಸೊಂಟದಲ್ಲಿ 5. ಅದರ ಕೆಳಗಿನ ಮಣಿಗಳು ಬೆಳೆದಂತೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಹೀಗೆ ಅಲುಗಾಡುವ ಮಣಿಗಳು 24 ಮಾತ್ರ. ಪಕ್ಕದಿಂದ ನೋಡಿದರೆ ಇವು ನೆಟ್ಟಗೆ ನಿಂತ ಕಂಬದಂತಿರದೆ, ಕುತ್ತಿಗೆಯಲ್ಲಿ ಒಳಕ್ಕೆ, ಬೆನ್ನಿನಲ್ಲಿ ಹೊರಕ್ಕೆ, ಸೊಂಟದಲ್ಲಿ ಮತ್ತೆ ಒಳಕ್ಕೆ ಬಾಗಿರುತ್ತವೆ. ಈ ಬಾಗು ದೋಷವಲ್ಲ. ಭಾರ ಬಿದ್ದಾಗ ಗಾಡಿಯ ಪಟ್ಟೆಯಂತೆ ಬಳುಕಿ ಪೆಟ್ಟನ್ನು ತಡೆಯುವುದೇ ಅದರ ಕೆಲಸ.

ಮಣಿ ಮಣಿಯ ನಡುವೆ ಒಂದೊಂದು ಮೆತ್ತೆ ಇದೆ. ವೈದ್ಯರು ಡಿಸ್ಕ್ ಎನ್ನುವುದು ಇದನ್ನೇ. ಹೊರಗೆ ಗಟ್ಟಿ ನಾರಿನ ಸುತ್ತುಗಳು, ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಲೋಳೆಯಂಥ ತಿರುಳು. ದೊಡ್ಡವರ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳಿಲ್ಲ. ಸ್ಪಂಜನ್ನು ಹಿಂಡಿ ಬಿಟ್ಟಂತೆ, ಭಾರ ಬಿದ್ದಾಗ ನೀರು ಹೊರಕ್ಕೆ ಹೋಗಿ, ಭಾರ ಇಳಿದಾಗ ನೀರು ಒಳಕ್ಕೆ ಬರುತ್ತದೆ. ಇದರ ಭಾರ ಬಹುಪಾಲು ಇಳಿಯುವುದು ನಾವು ಮಲಗಿದಾಗ.

ಭಾರದ ಲೆಕ್ಕ

ಯಾವ ಭಂಗಿಯಲ್ಲಿ ಸೊಂಟದ ಡಿಸ್ಕಿನ ಮೇಲೆ ಎಷ್ಟು ಒತ್ತಡ ಬೀಳುತ್ತದೆ ಎಂಬುದನ್ನು ಸ್ವೀಡನ್ನಿನ ವೈದ್ಯ ಆಲ್ಫ್ ನಾಕೆಮ್ಸನ್ 1960ರ ದಶಕದಿಂದಲೇ ಅಳೆದು ತೋರಿಸಿದ್ದರು. 1999ರಲ್ಲಿ ಜರ್ಮನಿಯ ವಿಲ್ಕೆ ಮತ್ತು ಸಂಗಡಿಗರು ಆರೋಗ್ಯವಂತ ಸ್ವಯಂಸೇವಕರೊಬ್ಬರ ಸೊಂಟದ ಡಿಸ್ಕಿನಲ್ಲಿ ಸೂಕ್ಷ್ಮ ಮಾಪಕವನ್ನಿರಿಸಿ ಹಗಲು ರಾತ್ರಿ ಅಳೆದ ಫಲಿತಾಂಶಗಳನ್ನು ಪ್ರಕಟಿಸಿದರು. ಒಬ್ಬರ ಮೇಲಿನ ಅಳತೆಯಾದ್ದರಿಂದ ಎಲ್ಲರಲ್ಲೂ ಅಂಕಿ ಇಷ್ಟೇ ಇರಬೇಕೆಂದಿಲ್ಲ. ಆದರೂ ಯಾವ ಭಂಗಿ ಹಗುರ, ಯಾವುದು ಭಾರ ಎಂಬುದು ಇದರಿಂದ ಚೆನ್ನಾಗಿ ತಿಳಿಯುತ್ತದೆ.

ಮಲಗಿದಾಗ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ. ಸುಮ್ಮನೆ ನಿಂತಾಗ 5 ಕಿಲೋ. ನಿಂತು ಮುಂದಕ್ಕೆ ಬಾಗಿದಾಗ 11 ಕಿಲೋ. ಸುಮಾರು 20 ಕಿಲೋ ತೂಕವನ್ನು ಬೆನ್ನು ಬಗ್ಗಿಸಿ ಎತ್ತಿದಾಗ 23 ಕಿಲೋ. ಅದೇ ತೂಕವನ್ನು ಮಂಡಿ ಬಗ್ಗಿಸಿ ಎತ್ತಿದಾಗ 17 ಕಿಲೋ. ಎತ್ತಿದ ಮೇಲೆ ಮೈಗೆ ಒತ್ತಿ ಹಿಡಿದುಕೊಂಡರೆ 11 ಕಿಲೋ, ಕೈ ಚಾಚಿ ದೂರ ಹಿಡಿದರೆ 18 ಕಿಲೋ. ಲಾರಿಯ ಟೈರಿಗೆ ತುಂಬುವ ಗಾಳಿಯ ಒತ್ತಡ ಸುಮಾರು 7 ಕಿಲೋ ಎಂಬುದನ್ನು ನೆನೆದರೆ, ಟೊಮೇಟೊ ಕ್ರೇಟು ಎತ್ತುವವನ ಸೊಂಟ ಏನನ್ನು ತಡೆದುಕೊಳ್ಳುತ್ತಿದೆ ಎಂಬುದು ಅರಿವಾಗುತ್ತದೆ.

ರಾತ್ರಿ ಬೆನ್ನು ಬೆಳೆಯುತ್ತದೆ

ಬೆಳಿಗ್ಗೆ ಎದ್ದಾಗ ಮನುಷ್ಯ ಸಂಜೆಗಿಂತ ಎತ್ತರವಾಗಿರುತ್ತಾನೆ. ಇದು ತಮಾಷೆಯ ಮಾತಲ್ಲ. 1985ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಒಂದು ಅಧ್ಯಯನದಲ್ಲಿ ಈ ವ್ಯತ್ಯಾಸ ಸರಾಸರಿ 19 ಮಿಲಿಮೀಟರ್ ಎಂದು ಕಂಡುಬಂದಿತು. ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುವುದೇ ಇದಕ್ಕೆ ಕಾರಣ. ಇದೇ ಅಧ್ಯಯನದ ಇನ್ನೆರಡು ಅಂಶಗಳು ರೈತರಿಗೆ ಮುಖ್ಯ. ಕಳೆದುಕೊಂಡ ಎತ್ತರದಲ್ಲಿ ಸುಮಾರು ಶೇ. 70ರಷ್ಟು ರಾತ್ರಿಯ ಮೊದಲರ್ಧದಲ್ಲೇ ಮರಳಿ ಬರುತ್ತದೆ. ಎದ್ದ ಮೇಲೆ ಇಳಿಯುವ ಎತ್ತರದಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಒಂದು ಗಂಟೆಯಲ್ಲೇ ಇಳಿದುಹೋಗುತ್ತದೆ.

ಅಂದರೆ ಎದ್ದ ಕೂಡಲೇ ಡಿಸ್ಕು ನೀರು ತುಂಬಿ ಬಿಗಿದ ತಿತ್ತಿಯಂತಿರುತ್ತದೆ. ಬಿಗಿದ ತಿತ್ತಿಯನ್ನು ಬಗ್ಗಿಸಿದರೆ ಹೊರಗಿನ ಪದರಗಳ ಮೇಲೆ ಎಳೆತ ಹೆಚ್ಚು. ಬ್ರಿಟಿಷ್ ಸಂಶೋಧಕರು 1987ರಲ್ಲಿ ಮಾಡಿದ ಲೆಕ್ಕದಂತೆ, ಮುಂದಕ್ಕೆ ಬಾಗಿದಾಗ ಡಿಸ್ಕಿನ ಮೇಲೆ ಬೀಳುವ ಬಾಗುವಿಕೆಯ ಒತ್ತಡ ಹಗಲಿನ ಉಳಿದ ವೇಳೆಗಿಂತ ಬೆಳಗಿನ ಜಾವದಲ್ಲಿ ಶೇ. 300ರಷ್ಟು ಹೆಚ್ಚು. ಮೂಳೆಗಳನ್ನು ಬಿಗಿದಿರುವ ನಾರುಗಳ ಮೇಲೆ ಶೇ. 80ರಷ್ಟು ಹೆಚ್ಚು.

ನಮ್ಮ ಹಳ್ಳಿಗಳಲ್ಲಿ ನಡೆಯುವುದು ಏನು? ಮಾರುಕಟ್ಟೆಗೆ ಹೊರಟ ಗಂಡಸು ಹಾಸಿಗೆಯಿಂದೆದ್ದು ಮುಖ ತೊಳೆದು ನೇರವಾಗಿ ಮೂಟೆಗೆ ಕೈ ಹಾಕುತ್ತಾನೆ. ಮನೆಯಾಕೆ ಎದ್ದೊಡನೆ ಬಗ್ಗಿ ಅಂಗಳ ಗುಡಿಸುತ್ತಾಳೆ, ಬಗ್ಗಿ ರಂಗೋಲಿ ಬಿಡುತ್ತಾಳೆ, ಬಗ್ಗಿ ಕೊಟ್ಟಿಗೆಯ ಸಗಣಿ ಬಾಚುತ್ತಾಳೆ, ಕುಕ್ಕರುಗಾಲಲ್ಲಿ ಕುಳಿತು ಹಾಲು ಕರೆಯುತ್ತಾಳೆ. ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಬೆನ್ನು ಬಾಗಲು ಯಾವುದು ಅತ್ಯಂತ ಕೆಟ್ಟ ಗಂಟೆಯೋ, ಅದೇ ಗಂಟೆಯನ್ನು ನಾವು ಬಾಗುವ ಕೆಲಸಕ್ಕೆ ಆರಿಸಿಕೊಂಡಿದ್ದೇವೆ. ರಾತ್ರಿಯ ಭಂಗಿಯ ಬಗ್ಗೆ ಎಷ್ಟೇ ಎಚ್ಚರ ವಹಿಸಿದರೂ ಈ ಒಂದು ಗಂಟೆಯನ್ನು ಮರೆತರೆ ಅದರ ಫಲ ದಕ್ಕುವುದಿಲ್ಲ.

ಎದ್ದ ಮೇಲಿನ ಮೊದಲ ಗಂಟೆ

ಅಮೆರಿಕದಲ್ಲಿ 1998ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬಹುಕಾಲದ ನಡುನೋವಿದ್ದವರಿಗೆ ಎದ್ದ ನಂತರ ಸುಮಾರು ಎರಡು ಗಂಟೆ ಮುಂದಕ್ಕೆ ಬಾಗದಿರುವಂತೆ ಕಲಿಸಲಾಯಿತು. ಔಷಧಿಯ ಖರ್ಚಿಲ್ಲದೆ ಅವರ ನೋವು ಗಮನಾರ್ಹವಾಗಿ ಇಳಿಯಿತು. ರೈತಾಪಿ ಮನೆಯಲ್ಲಿ ಎರಡು ಗಂಟೆ ಬಾಗದೆ ಇರುವುದು ಕಷ್ಟವೇ ಸರಿ. ಆದರೆ ಕೆಲಸದ ಅನುಕ್ರಮವನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು.

ಮಾರುಕಟ್ಟೆಗೆ ಹೋಗುವ ಮಾಲನ್ನು ಸಾಧ್ಯವಾದಷ್ಟು ಹಿಂದಿನ ಸಂಜೆಯೇ ವಾಹನಕ್ಕೆ ತುಂಬಿಡುವುದು ಉತ್ತಮ. ಸೊಪ್ಪಿನಂತಹ ಬಾಡುವ ಮಾಲನ್ನು ಬೆಳಿಗ್ಗೆಯೇ ತುಂಬಬೇಕಾದರೆ, ನೆಲದ ಮೇಲಿಡದೆ ಜಗಲಿಯ ಮೇಲೋ ಸೊಂಟದೆತ್ತರದ ಹಲಗೆಯ ಮೇಲೋ ಇಟ್ಟಿರಬೇಕು. ಆಗ ಬಾಗದೆ ಎತ್ತಬಹುದು. ಮೊದಲು ದಾರಿಯ ತಿಂಡಿ, ನೀರು, ಲೆಕ್ಕದ ಪುಸ್ತಕ, ವಾಹನದ ಪರೀಕ್ಷೆ ಮುಂತಾದ ನಿಂತು ಮಾಡುವ ಕೆಲಸಗಳನ್ನು ಮುಗಿಸಿ, ಅಂಗಳದಲ್ಲಿ ನಾಲ್ಕು ಸುತ್ತು ನಡೆದು, ಮೂಟೆಯನ್ನು ಕಡೆಗೆ ಎತ್ತಬೇಕು. ಮೂಟೆಗಳನ್ನು ಚಿಕ್ಕದಾಗಿ ಕಟ್ಟುವುದು ಒಳ್ಳೆಯದು. ಯೂರಿಯಾ ಚೀಲವೇ 2018ರಲ್ಲಿ 50 ಕಿಲೋದಿಂದ 45 ಕಿಲೋಗೆ ಇಳಿಯಿತು. ನಮ್ಮ ತರಕಾರಿಯ ಮೂಟೆ 25 ಕಿಲೋಗೆ ಇಳಿದರೆ ಯಾರ ಮರ್ಯಾದೆಯೂ ಹೋಗುವುದಿಲ್ಲ. ಅದಕ್ಕಿಂತ ಭಾರವಾದುದನ್ನು ಇಬ್ಬರು ಹಿಡಿಯಬೇಕು. ಎತ್ತುವಾಗ ಮಂಡಿ ಬಗ್ಗಿಸಿ, ಮಾಲನ್ನು ಎದೆಗೆ ಒತ್ತಿ ಹಿಡಿಯಬೇಕು. ಎತ್ತಿದ ಮೇಲೆ ಸೊಂಟ ತಿರುಚದೆ ಪಾದ ತಿರುಗಿಸಬೇಕು.

ಮನೆಯಲ್ಲಿ ಉದ್ದ ಹಿಡಿಯ ಪೊರಕೆ, ಉದ್ದ ಹಿಡಿಯ ಸಗಣಿ ಬಾಚುವ ಸಲಿಕೆ ಇರಿಸಿಕೊಂಡರೆ ಹೆಂಗಸರು ನಿಂತೇ ಕೆಲಸ ಮಾಡಬಹುದು. ಹಾಲು ಕರೆಯುವವರು ಮೊದಲು ದನಗಳಿಗೆ ಮೇವು ನೀರು ಕೊಟ್ಟು ಓಡಾಡಿ, ಬಳಿಕ ಒಂದು ಗಿಡ್ಡ ಸ್ಟೂಲಿನ ಮೇಲೆ ಕುಳಿತು ಕರೆಯುವುದು ಲೇಸು. ಈ ಕೆಲಸಗಳನ್ನು ಮನೆಯ ಗಂಡಸರೂ ಹಂಚಿಕೊಂಡರೆ ಅದಕ್ಕಿಂತ ಒಳ್ಳೆಯ ಔಷಧಿಯಿಲ್ಲ.

ಹಾಸಿಗೆಯಿಂದ ಏಳುವ ರೀತಿಗೂ ಮಹತ್ವವಿದೆ. ಬಲ ಮಗ್ಗುಲಿಗೆ ತಿರುಗಿ ಏಳಬೇಕು ಎಂದು ಹಿರಿಯರು ಹೇಳುವುದುಂಟು. ಬೆನ್ನಿನ ಮಟ್ಟಿಗೆ ಬಲವಾದರೂ ಸರಿ, ಎಡವಾದರೂ ಸರಿ, ಮಗ್ಗುಲಿಗೆ ತಿರುಗಿ ಮಂಡಿ ಮಡಿಸಿ ಕೈಯೂರಿ ಏಳಬೇಕು. ಅಂಗಾತ ಮಲಗಿದವರು ನೇರವಾಗಿ ಮೇಲಕ್ಕೆದ್ದು ಕೂರಬಾರದು.

ಮಲಗುವ ಭಂಗಿ

ಎಲ್ಲರಿಗೂ ಒಪ್ಪುವ ಒಂದೇ ಭಂಗಿ ಎಂಬುದಿಲ್ಲ. ಬೆಳಿಗ್ಗೆ ಎದ್ದಾಗ ಯಾವ ಭಂಗಿಯಿಂದ ನೋವು, ಮರಗಟ್ಟುವಿಕೆ ಇರುವುದಿಲ್ಲವೋ ಅದೇ ಆ ವ್ಯಕ್ತಿಗೆ ಸರಿಯಾದ ಭಂಗಿ. ಹಗಲಿನಲ್ಲಿ ನೆಟ್ಟಗೆ ನಿಂತಾಗ ಬೆನ್ನಿಗೆ ಯಾವ ಬಾಗು ಇರುತ್ತದೆಯೋ ರಾತ್ರಿಯೂ ಹೆಚ್ಚು ಕಡಿಮೆ ಅದೇ ಬಾಗು ಉಳಿಯಬೇಕು ಎಂಬುದು ಮೂಲ ಸೂತ್ರ.

ಮಗ್ಗುಲಾಗಿ ಮಲಗುವವರು ಮಂಡಿಗಳನ್ನು ಸ್ವಲ್ಪ ಮಡಿಸಿ, ಎರಡು ಮಂಡಿಗಳ ನಡುವೆ ಒಂದು ಚಿಕ್ಕ ದಿಂಬನ್ನೋ ಮಡಿಸಿದ ಹೊದಿಕೆಯನ್ನೋ ಇಡಬೇಕು. ಇಲ್ಲದಿದ್ದರೆ ಮೇಲಿನ ಕಾಲು ಮುಂದಕ್ಕೆ ಜಾರಿ ಸೊಂಟವನ್ನು ತಿರುಚುತ್ತದೆ. ಅಂಗಾತ ಮಲಗುವವರು ಮಂಡಿಗಳ ಕೆಳಗೆ ಸುತ್ತಿದ ಕಂಬಳಿಯನ್ನಿಟ್ಟರೆ ಸೊಂಟದ ಸ್ನಾಯುಗಳು ಸಡಿಲವಾಗುತ್ತವೆ. ಬೋರಲು ಮಲಗಿದಾಗ ಉಸಿರಿಗಾಗಿ ಕುತ್ತಿಗೆಯನ್ನು ಗಂಟೆಗಟ್ಟಲೆ ಒಂದೇ ಕಡೆ ತಿರುಗಿಸಿಟ್ಟುಕೊಳ್ಳಬೇಕಾಗುತ್ತದೆ. ಕುತ್ತಿಗೆ ನೋವಿರುವವರು ಈ ಅಭ್ಯಾಸವನ್ನು ಬಿಡುವುದು ಒಳ್ಳೆಯದು.

ಜೋರಾಗಿ ಗೊರಕೆ ಹೊಡೆಯುವವರಿಗೆ ಅಂಗಾತ ಮಲಗುವುದು ಒಪ್ಪುವುದಿಲ್ಲ, ಮಗ್ಗುಲೇ ಮೇಲು. ಗೊರಕೆಯ ನಡುವೆ ಉಸಿರು ನಿಂತಂತಾಗಿ ಬೆಚ್ಚಿ ಏಳುವುದು, ಹಗಲಿಡೀ ತೂಕಡಿಸುವುದು ಇದ್ದರೆ ವೈದ್ಯರಿಗೆ ತೋರಿಸಬೇಕು. ಗರ್ಭಿಣಿಯರು 28 ವಾರಗಳ ನಂತರ ಮಗ್ಗುಲಾಗಿ ಮಲಗಿ ನಿದ್ರಿಸಬೇಕು.

ಹಾಸಿಗೆ ಮತ್ತು ದಿಂಬು

ಬೆನ್ನು ನೋವಿನವರು ಬರಿಯ ನೆಲದ ಮೇಲೆ, ಇಲ್ಲವೆ ಹಲಗೆಯ ಮೇಲೆ ಮಲಗಬೇಕು ಎಂದು ಒಂದು ಕಾಲದಲ್ಲಿ ವೈದ್ಯರೂ ಹೇಳುತ್ತಿದ್ದರು. ಸ್ಪೇನ್ ದೇಶದಲ್ಲಿ 313 ನಡುನೋವಿನ ರೋಗಿಗಳ ಮೇಲೆ 90 ದಿನಗಳ ಕಾಲ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಬಹಳ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯೇ ಹೆಚ್ಚು ಅನುಕೂಲ ಎಂದು ಕಂಡುಬಂದಿತು. ತೀರ ಗಟ್ಟಿಯಾದರೆ ಭುಜ, ಸೊಂಟದ ಮೂಳೆ ಒತ್ತಿ ನೋಯುತ್ತದೆ. ಜೋತುಬಿದ್ದ ಹಗ್ಗದ ಮಂಚದಲ್ಲಿ, ಹಳೆಯ ಹತ್ತಿ ಗಂಟುಕಟ್ಟಿದ ಹಾಸಿಗೆಯಲ್ಲಿ ಸೊಂಟ ಕುಸಿದು ತೊಟ್ಟಿಲಿನಲ್ಲಿ ಮಲಗಿದಂತಾಗುತ್ತದೆ. ಆರೋಗ್ಯವಂತರೂ ರಾತ್ರಿಯಲ್ಲಿ ಹಲವು ಬಾರಿ ಮಗ್ಗುಲು ಬದಲಿಸುತ್ತಾರೆ. ಹಾಸಿಗೆ ಕುಸಿದಿದ್ದರೆ ಪ್ರತಿ ಮಗ್ಗುಲಿಗೂ ಹೆಣಗಬೇಕಾಗಿ ನಿದ್ರೆ ಹರಿಯುತ್ತದೆ.

ಇದಕ್ಕಾಗಿ ಜಯನಗರದ ಅಂಗಡಿಗಳಲ್ಲಿ ಮಾರುವ ದುಬಾರಿ ಹಾಸಿಗೆಯನ್ನೇ ಕೊಳ್ಳಬೇಕೆಂದಿಲ್ಲ. ಹತ್ತಿಯ ಹಾಸಿಗೆಯನ್ನು ಬಿಚ್ಚಿಸಿ ಹತ್ತಿ ಹಿಂಜಿಸಿ ಮತ್ತೆ ತುಂಬಿಸಿದರೆ ಸಾಕು. ನೆಲದ ಮೇಲೆ ಮಲಗುವವರು ಚಾಪೆಯ ಮೇಲೆ ಎರಡು ಮೂರು ಮಡಿಕೆ ಕಂಬಳಿ ಹಾಸಿಕೊಳ್ಳಬೇಕು. ಹಗ್ಗದ ಮಂಚವಾದರೆ ಹಗ್ಗವನ್ನು ಆಗಾಗ ಬಿಗಿಯಬೇಕು.

ದಿಂಬಿನ ಕೆಲಸ ತಲೆಯನ್ನು ಎತ್ತುವುದಲ್ಲ, ಕುತ್ತಿಗೆಯ ಕೆಳಗಿನ ಸಂದನ್ನು ತುಂಬುವುದು. ಮಗ್ಗುಲಾಗಿ ಮಲಗುವವರಿಗೆ ಭುಜದ ಅಗಲದಷ್ಟು ಎತ್ತರ ಬೇಕು, ಅಂಗಾತ ಮಲಗುವವರಿಗೆ ತೆಳುವಾದ ದಿಂಬು ಸಾಕು. ತೋಳನ್ನೇ ದಿಂಬು ಮಾಡಿಕೊಂಡು ಮಲಗಿದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ.

ಮಾರುಕಟ್ಟೆಯಲ್ಲಿ ಕಾಯಬೇಕಾದಾಗ ಕುಳಿತಲ್ಲೇ ತೂಕಡಿಸದೆ, ಹರಾಜಿನ ಗಲಾಟೆಯಿಂದ ದೂರ ವಾಹನ ನಿಲ್ಲಿಸಿ ಖಾಲಿ ಟೆಂಪೋದ ಹಿಂಭಾಗದಲ್ಲಿ ಕಂಬಳಿ ಹಾಸಿ ಕಾಲು ಚಾಚಿ ಮಲಗುವುದು ಮೇಲು. ಸೀಟಿನಲ್ಲೇ ಮಲಗಬೇಕಾದರೆ ಟವೆಲ್ಲನ್ನು ಸುತ್ತಿ ಕುತ್ತಿಗೆಗೆ ಒಂದು, ಸೊಂಟದ ಹಿಂದಕ್ಕೆ ಒಂದು ಕೊಡಬೇಕು. ನಿದ್ದೆಗಣ್ಣಿನಲ್ಲಿ ವಾಹನ ಓಡಿಸುವುದು ಬೆನ್ನಿನ ಮಾತಲ್ಲ, ಪ್ರಾಣದ ಮಾತು. ಕಣ್ಣು ಕೂರಿದರೆ ರಸ್ತೆಯ ಪಕ್ಕದ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಪ್ಪತ್ತು ನಿಮಿಷ ಮಲಗಿ ಹೊರಡಬೇಕು. ಮಾಲು ಸ್ವಲ್ಪ ತಡವಾಗಿ ತಲುಪಿದರೆ ಬೆಲೆ ನಾಲ್ಕು ರೂಪಾಯಿ ಇಳಿದೀತು, ಅಷ್ಟೇ.

ನಿದ್ರೆಯ ಲೆಕ್ಕ

ದೊಡ್ಡವರಿಗೆ ದಿನಕ್ಕೆ 7 ಗಂಟೆಗಳಿಗೆ ಕಡಿಮೆಯಿಲ್ಲದ ನಿದ್ರೆ ಬೇಕು. ಡಿಸ್ಕಿನ ನೀರು ಮೊದಲರ್ಧ ರಾತ್ರಿಯಲ್ಲೇ ಬಹುಪಾಲು ತುಂಬಿದರೂ, ದಣಿದ ಸ್ನಾಯುಗಳಿಗೂ ನೋವನ್ನು ಅಳೆಯುವ ಮಿದುಳಿಗೂ ಅಷ್ಟು ಸಾಲದು. ಮಾರುಕಟ್ಟೆಯ ದಿನ ರಾತ್ರಿ 5 ಗಂಟೆ ಮಾತ್ರ ಸಿಕ್ಕಿದರೆ, ಹಿಂದಿರುಗಿದ ಮೇಲೆ ಮಧ್ಯಾಹ್ನ ಎರಡು ಗಂಟೆ ಕಾಲವಾದರೂ ಮಲಗಿ ಸಾಲ ತೀರಿಸಬೇಕು. ಇದನ್ನು ಸೋಮಾರಿತನ ಎಂದು ಮನೆಯವರು ಎಣಿಸಬಾರದು.

ನಿದ್ದೆ ಬರಲೆಂದು ಸಾರಾಯಿ ಕುಡಿಯುವವರಿದ್ದಾರೆ. ಅದರಿಂದ ಬೇಗ ಮಂಪರು ಬರುವುದು ನಿಜ, ಆದರೆ ರಾತ್ರಿಯ ದ್ವಿತೀಯಾರ್ಧದಲ್ಲಿ ನಿದ್ರೆ ಒಡೆದು ಚೂರಾಗುತ್ತದೆ, ಗೊರಕೆಯೂ ಹೆಚ್ಚುತ್ತದೆ. ನೋವಿನ ಮಾತ್ರೆಗಳನ್ನು ವೈದ್ಯರ ಸಲಹೆಯಿಲ್ಲದೆ ತಿಂಗಳುಗಟ್ಟಲೆ ನುಂಗುವುದು ಇನ್ನೊಂದು ಅಪಾಯ. ಇವು ಹೊಟ್ಟೆಯಲ್ಲಿ ಹುಣ್ಣು ಮಾಡಬಲ್ಲವು. ಬಿಸಿಲಲ್ಲಿ ಬೆವರು ಸುರಿಸಿ ನೀರು ಕುಡಿಯದೆ ದುಡಿಯುವವರ, ರಕ್ತದೊತ್ತಡ ಹಾಗೂ ಸಕ್ಕರೆ ಕಾಯಿಲೆ ಇರುವವರ ಮೂತ್ರಪಿಂಡಗಳಿಗೆ ಹಾನಿ ತರಬಲ್ಲವು.

ನಡು ಹಿಡಿದ ಕೂಡಲೇ ವಾರಗಟ್ಟಲೆ ಮಲಗಿಬಿಡುವುದೂ ತಪ್ಪು. ಎರಡು ದಿನದ ವಿಶ್ರಾಂತಿ ಏಳು ದಿನದ ವಿಶ್ರಾಂತಿಯಷ್ಟೇ ಫಲ ಕೊಡುತ್ತದೆ ಎಂಬುದು 1986ರಲ್ಲೇ ಅಮೆರಿಕದ ವೈದ್ಯರಿಗೆ ಕಂಡುಬಂದಿತ್ತು. ನಡಿಗೆಯೇ ಒಳ್ಳೆಯ ಮದ್ದು. 2024ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಪ್ರಯೋಗದಲ್ಲಿ, ನಡುನೋವಿನಿಂದ ಗುಣವಾದವರಲ್ಲಿ ಕ್ರಮವಾಗಿ ನಡಿಗೆ ರೂಢಿಸಿಕೊಂಡವರಿಗೆ ನೋವು ಮರುಕಳಿಸಲು ಹಿಡಿದ ಕಾಲ 208 ದಿನ, ಹಾಗೆ ಮಾಡದವರಿಗೆ 112 ದಿನ. ಹೊಲದಲ್ಲಿ ಬಗ್ಗಿ ಮಾಡುವ ಕೆಲಸ ಈ ನಡಿಗೆಗೆ ಬದಲಿಯಲ್ಲ. ಬೆನ್ನು ನೆಟ್ಟಗಿಟ್ಟು ಕೈಬೀಸಿ ನಡೆಯುವುದೇ ಬೇರೆ.

ವೈದ್ಯರ ಬಳಿಗೆ ಯಾವಾಗ?

ಹೆಚ್ಚಿನ ನಡುನೋವು ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ. ಆದರೆ ಕೆಲವು ಲಕ್ಷಣಗಳನ್ನು ಅಲಕ್ಷಿಸಬಾರದು. ಹೇಗೆ ಮಲಗಿದರೂ ತಗ್ಗದ ರಾತ್ರಿಯ ನೋವು, ಸಂಜೆಯ ಜ್ವರ, ತೂಕ ಇಳಿಯುವುದು ಕಂಡರೆ ಬೆನ್ನುಮೂಳೆಯ ಕ್ಷಯವೇ ಮುಂತಾದ ರೋಗಗಳಿರಬಹುದು. ಕ್ಷಯಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಚಿಕಿತ್ಸೆಯಿದೆ. ಹರೆಯದವರಿಗೆ ರಾತ್ರಿಯ ಕೊನೆಯ ಜಾವದಲ್ಲಿ ನೋವಿನಿಂದ ಎಚ್ಚರವಾಗಿ, ಬೆಳಿಗ್ಗೆ ಅರ್ಧ ಗಂಟೆಗೂ ಮೀರಿ ಬೆನ್ನು ಸೆಟೆದು, ಓಡಾಡಿದ ಮೇಲೆ ಸಡಿಲವಾಗುವುದಾದರೆ ಅದು ಮೂಟೆಯ ನೋವಲ್ಲ, ಕೀಲುಗಳ ಉರಿಯೂತವಿರಬಹುದು. ಕಾಲಿನ ಶಕ್ತಿ ಕುಂದುವುದು, ತೊಡೆಯ ಸಂದಿಯ ಸುತ್ತ ಸ್ಪರ್ಶ ತಿಳಿಯದಿರುವುದು, ಮಲಮೂತ್ರದ ಹಿಡಿತ ತಪ್ಪುವುದು ಇವುಗಳಲ್ಲಿ ಯಾವುದಾದರೂ ಕಂಡರೆ ಅದೇ ದಿನ ಆಸ್ಪತ್ರೆ ಸೇರಬೇಕು. ಒಂದು ದಿನದ ತಡ ಜೀವಮಾನದ ಊನವಾಗಬಹುದು.

ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತೋರಿಸಬೇಕು. ಅವರು ಮುಂದಕ್ಕೆ ಕಳುಹಿಸಿದರೆ, ಬೆಂಗಳೂರಿನ ದಕ್ಷಿಣ ಭಾಗದಲ್ಲೇ ಸರ್ಕಾರಿ ವ್ಯವಸ್ಥೆಗಳಿವೆ. ಜಯನಗರದ ಬೈರಸಂದ್ರದಲ್ಲಿ ಮೂಳೆ ಮತ್ತು ಅಪಘಾತ ಚಿಕಿತ್ಸೆಗೆಂದೇ ಇರುವ ಸಂಜಯ್ ಗಾಂಧಿ ಸಂಸ್ಥೆ ಇದೆ. ಬಿ.ಟಿ.ಎಂ. ಬಡಾವಣೆಯ ಹೆಸರಿನ ಮೊದಲಕ್ಷರ ಇದೇ ಬೈರಸಂದ್ರದ್ದು. ಉಳಿದೆರಡು ತಾವರೆಕೆರೆ ಮತ್ತು ಮಡಿವಾಳ, ಒಂದು ಕಾಲದ ರೈತರ ಊರುಗಳೇ. ನರಗಳ ತೊಂದರೆ ಮತ್ತು ನಿದ್ರೆಯ ಕಾಯಿಲೆಗಳಿಗೆ ಹೊಸೂರು ರಸ್ತೆಯಲ್ಲಿ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. ಕನಕಪುರ ರಸ್ತೆಯಿಂದ ಬರುವವರಿಗೆ 2021ರಿಂದ ರೇಷ್ಮೆ ಸಂಸ್ಥೆಯವರೆಗೆ ಮೆಟ್ರೋ ರೈಲಿನ ಸೌಕರ್ಯವೂ ಇದೆ. ಮಾಲು ಮಾರಿ ಹಿಂದಿರುಗುವ ಮುನ್ನ ಅರ್ಧ ದಿನ ಬಿಡುವು ಮಾಡಿಕೊಂಡರೆ ತೋರಿಸಿಕೊಂಡೇ ಊರಿಗೆ ಹೋಗಬಹುದು.

ಎತ್ತಿಗೆ ಹೆಗಲು ಹುಣ್ಣಾದರೆ ರೈತ ನೊಗ ಹೂಡುವುದಿಲ್ಲ. ಗಾಯ ಮಾಯುವವರೆಗೆ ಕಾಯುತ್ತಾನೆ, ರಾತ್ರಿ ಒಣಹುಲ್ಲು ಹಾಸಿ ಮಲಗಿಸುತ್ತಾನೆ, ಬೆಳಿಗ್ಗೆ ಎದ್ದೊಡನೆ ಭಾರದ ಬಂಡಿಗೆ ಕಟ್ಟುವುದಿಲ್ಲ. ತನ್ನ ಬೆನ್ನಿಗೂ ಮನೆಯಾಕೆಯ ಬೆನ್ನಿಗೂ ಅಷ್ಟೇ ಉಪಚಾರವನ್ನು ಮಾಡಿಕೊಂಡರೆ ಸಾಕು. ಇಂದು ಸಂಜೆಯೇ ಮೂಟೆಗಳನ್ನು ಜಗಲಿಗೇರಿಸಿ ಮಲಗುವುದರಿಂದ ಆರಂಭಿಸಬಹುದು.